ಯುದ್ಧಮಂತ್ರಿಯ ಹೆಸರು ಬರೆಯುವ ಜಟ್ಟೆಪ್ಪ

ಪುಣೆಯ ಸ್ವಾರಗೇಟಿನಿಂದ ಬೆಳಗಿನ ಮೊದಲ ಬಸ್ಸುಗಳು ಹೊರಡುತ್ತಿವೆ. ಕಾಂತಪ್ಪನವರ ಹೋಟೆಲಿನ ಅಡುಗೆಮನೆಯಿಂದ ಇಡ್ಲಿಯ ಹಬೆ ಮೇಲಿನ ಅಟ್ಟದ ಕೋಣೆಗೆ ಏರುತ್ತಿದೆ. ಅಲ್ಲಿ ಕಿಟಕಿಗೆ ಒತ್ತಿದ ಮೇಜಿನ ಮುಂದೆ ಜಟ್ಟೆಪ್ಪ ಕೂತಿದ್ದಾರೆ. ಕೈಯಲ್ಲಿ ಸಣ್ಣ ಬ್ರಷ್, ಪಕ್ಕದಲ್ಲಿ ಕಪ್ಪು ಇಂಕಿನ ಬಟ್ಟಲು. ಉಸಿರು ಬಿಗಿಹಿಡಿದು ಒಂದೇ ದಮ್ಮಿಗೆ ಬರೆಯುತ್ತಾರೆ: "ವೀಕ್ಷಕರೇ, ಶತ್ರುವಿನ ದಾಳಿ ಇನ್ನೇನು ಶುರುವಾಗಲಿದೆ. ಅದಕ್ಕೂ ಮೊದಲು ಒಂದು ಸಣ್ಣ ಬ್ರೇಕ್!" ಬರೆದಾದ ಮೇಲೆ ಬ್ರಷ್ ಎತ್ತಿ ತಾವೇ ಕಿಸಕ್ಕನೆ ನಗುತ್ತಾರೆ.

"ಎಷ್ಟ ಸಲ ಬರದ್ರೂ ನಗು ಬರ್ತದ್ರಿ. ಗಡಿ ಮ್ಯಾಲ ಸಿಪಾಯಿ ಬಂದೂಕ ಹಿಡಕೊಂಡು ನಿಂತಾನ. ಆದ್ರ ಸಾಬೂನಿನ ಜಾಹೀರಾತು ಮುಗಿಯೂತನ ಗುಂಡು ಹಾರ್ಸಂಗಿಲ್ಲ! ಎಂಥಾ ಗತಿ ಬಂತ ನೋಡ್ರಿ."

ಜಟ್ಟೆಪ್ಪ ಬರೆಯುತ್ತಿರುವುದು 'ಬ್ರೇಕ್ ನಂತರ ಯುದ್ಧ' ಎಂಬ ಚಿತ್ರಕಾದಂಬರಿಯ ಎರಡನೇ ಭಾಗದ ಮಾತುಗಳನ್ನು. ಕತೆ ನಡೆಯುವುದು ಇನ್ನಿಪ್ಪತ್ತು ವರ್ಷ ಮುಂದೆ. ಎರಡು ದೇಶಗಳ ನಡುವೆ ಯುದ್ಧ. ಎಷ್ಟು ಗಂಟೆಗೆ ಬಾಂಬು ಹಾಕಬೇಕೆಂದು ಹೇಳುವುದು ಸೇನಾಪತಿಯಲ್ಲ, ಟೀವಿ ಚಾನೆಲ್ಲು. ಚುನಾವಣೆ ಹತ್ತಿರ ಬಂತೆಂದರೆ ಎರಡೂ ಕಡೆಯ ಮಂತ್ರಿಗಳು ಗುಟ್ಟಾಗಿ ಫೋನಿನಲ್ಲಿ ಮಾತಾಡಿಕೊಂಡು ಯುದ್ಧವನ್ನು ಇನ್ನೊಂದು ವಾರ ಎಳೆಯುತ್ತಾರೆ. ಕತೆ ಮತ್ತು ಚಿತ್ರ ಮಾಯಾ ಎಂಬ ಹುಡುಗಿಯದು. ಅವಳು ಪುಣೆಯಲ್ಲೇ ಹುಟ್ಟಿ ಬೆಳೆದ ಕಲಬುರಗಿ ಮನೆತನದವಳು. ದುಡ್ಡು ಹಾಕಿ ಪುಸ್ತಕ ತರುವವರು ಹೋಟೆಲಿನ ಮಾಲೀಕರೇ ಆದ ಕಾಂತಪ್ಪ. ಇವರಿಬ್ಬರ ಹೆಸರೂ ಮೊದಲ ಭಾಗದ ಮುಖಪುಟದಲ್ಲಿದೆ. ಅಕ್ಷರ ಬರೆದವರ ಹೆಸರು ಹುಡುಕಿದರೂ ಸಿಗುವುದಿಲ್ಲ, ಅದಕ್ಕೇ ನಾನು ಈ ಹೊತ್ತಿನಲ್ಲಿ ಕಣ್ಣುಜ್ಜಿಕೊಂಡು ಈ ಅಟ್ಟ ಹತ್ತಿದ್ದು.

ಜಟ್ಟೆಪ್ಪ ಅಫಜಲಪುರ ತಾಲೂಕಿನವರು. ಹದಿನೆಂಟು ತುಂಬುವ ಮೊದಲೇ ಗೋಡೆ ಬರಹಕ್ಕೆ ಇಳಿದವರು. ಊರ ಕಡೆ ಕನ್ನಡದಲ್ಲಿ, ಸೊಲ್ಲಾಪುರ ದಾಟಿದರೆ ಮರಾಠಿಯಲ್ಲಿ, ಎಲ್ಲ ಪಕ್ಷದ ಚುನಾವಣಾ ಗೋಡೆಗಳನ್ನೂ ಬರೆದಿದ್ದಾರೆ. ಫ್ಲೆಕ್ಸ್ ಎಂಬ ಹಾಳು ಬಟ್ಟೆ ಬಂದು ಅವರ ಕಸುಬನ್ನು ನುಂಗಿತು. ಪುಣೆಗೆ ಬಂದು ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೂಲಿಯಾದರು. ಹೆಂಡತಿ ಯಮನವ್ವ ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತರು. ಈಗಲೂ ಒಂಬತ್ತಕ್ಕೆ ಬ್ರಷ್ ತೊಳೆದಿಟ್ಟು, ಎರಡು ಇಡ್ಲಿ ತಿಂದು, ಜಟ್ಟೆಪ್ಪ ಬಣ್ಣದ ಡಬ್ಬಿಯ ಜೊತೆ ಸೈಟಿಗೆ ಹೊರಡುತ್ತಾರೆ.

ಮಾಯಾಳ ಕಣ್ಣಿಗೆ ಅವರು ಬಿದ್ದದ್ದು ಒಂದು ಬೋರ್ಡಿನ ದೆಸೆಯಿಂದ. ಕಾಂತಪ್ಪನವರ ಗಲ್ಲಾಪೆಟ್ಟಿಗೆಯ ಹಿಂದೆ ಕನ್ನಡ, ಮರಾಠಿ ಎರಡರಲ್ಲೂ ಜಟ್ಟೆಪ್ಪನವರ ಅಕ್ಷರದಲ್ಲಿ ದಪ್ಪಗೆ ಬರೆದಿದೆ: "ಇಲ್ಲಿ ರಾಜಕೀಯ ಮಾತಾಡಬಾರದು." ಕೆಳಗೆ ಈ ಬೋರ್ಡು, ಮೇಲೆ ರಾಜಕೀಯದ ಚರ್ಮ ಸುಲಿಯುವ ಪುಸ್ತಕ! ಕಾಂತಪ್ಪನವರನ್ನು ಕೆಣಕಿದರೆ, "ಅದು ಗಿರಾಕಿಗಳಿಗೆ ಮಾರಾಯ್ರೇ, ನನಗಲ್ಲ. ಒಂದು ಚಾ ಕುಡಿದು ಎರಡು ಗಂಟೆ ಕೂತುಕೊಂಡರೆ ನಾನೆಂತ ಮಾಡುದು?" ಎಂದು ನಗುತ್ತಾರೆ.

"ನಮ್ಮ ಮಂತ್ರಿಗಳ ಮಾತು ಗೋಡೆ ಮೇಲಿನ ಅಕ್ಷರದಾಗೇ ಬರಬೇಕಿತ್ತು," ಎನ್ನುತ್ತಾಳೆ ಮಾಯಾ. "ಕಂಪ್ಯೂಟರ್ ಅಕ್ಷರದಾಗ ಅವರ ಸುಳ್ಳು ಭಾಳ ಸಪ್ಪಗ ಕಾಣ್ತದ. ಕಾಕಾ ಬರದ್ರ ಆಶ್ವಾಸನೆ ಕೊಟ್ಟಂಗ ಇರ್ತದ."

ಹೀಗೆ ಮೊದಲ ಭಾಗ ತಯಾರಾಯಿತು. ಅಲ್ಲೇ ಎಡವಟ್ಟೂ ಆಯಿತು. ಆ ಎಡವಟ್ಟು ಗೋಡೆ ಬರೆದವರಿಂದಲ್ಲದೆ ಮತ್ತೊಬ್ಬರಿಂದ ಸಾಧ್ಯವೇ ಇಲ್ಲ.

ಗೋಡೆ ಬರೆಯುವವರಲ್ಲಿ ಒಂದು ರೂಢಿ ಇದೆ. ಪಕ್ಷದ ಟಿಕೆಟ್ ಯಾರಿಗೆಂದು ಗೊತ್ತಾಗುವ ಮೊದಲೇ ಗೋಡೆ ಹಿಡಿಯಬೇಕು, ಇಲ್ಲದಿದ್ದರೆ ಎದುರು ಪಕ್ಷದವರು ಹಿಡಿಯುತ್ತಾರೆ. ಹಾಗಾಗಿ ಚಿಹ್ನೆ, ಘೋಷಣೆ ಎಲ್ಲ ಬರೆದು, ಅಭ್ಯರ್ಥಿಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು, ಅಲ್ಲೊಂದು ತೆಳು ಗೀಟು ಎಳೆದು ಬರುತ್ತಾರೆ. ಟಿಕೆಟ್ ಸಿಕ್ಕ ದಿನ ಓಡಿಹೋಗಿ ಹೆಸರು ತುಂಬುತ್ತಾರೆ.

ಮಾಯಾಳಿಗೆ ಯುದ್ಧಮಂತ್ರಿಯ ಹೆಸರು ಹೊಳೆದಿರಲಿಲ್ಲ. "ಆಮ್ಯಾಲ ಹೇಳ್ತೀನಿ ಕಾಕಾ" ಅಂದಿದ್ದಳು. ಜಟ್ಟೆಪ್ಪ ಹಳೆಯ ಅಭ್ಯಾಸದಂತೆ ಪ್ರತಿ ಪುಟದಲ್ಲೂ ಹೆಸರಿನ ಜಾಗ ಬಿಟ್ಟು, ಪೆನ್ಸಿಲಿನ ಗೀಟು ಎಳೆದು, ಪುಟಗಳನ್ನು ಮೇಜಿನ ಮೇಲಿಟ್ಟು, ಮನೆದೇವರ ದರ್ಶನಕ್ಕೆ ಜೇಜುರಿಗೆ ಹೋದರು. ಆ ಹೊತ್ತಿಗೆ ಮಾಯಾ ಡೆಂಗೀ ಜ್ವರದಲ್ಲಿ ಮಲಗಿದಳು. ಬಿಡುಗಡೆಯ ಅವಸರದಲ್ಲಿದ್ದ ಕಾಂತಪ್ಪ ಪುಟಗಳ ಕಟ್ಟು ನೋಡಿ, ಕೆಲಸ ಮುಗಿದಿದೆ ಎಂದುಕೊಂಡು ಪ್ರೆಸ್ಸಿಗೆ ಕೊಟ್ಟರು. ಪ್ರೆಸ್ಸಿನವರು ಪಾಪ, ಪೆನ್ಸಿಲಿನ ಗೀಟುಗಳನ್ನು ಕೊಳೆ ಎಂದು ತಿಳಿದು ನೀಟಾಗಿ ಒರೆಸಿ ಅಚ್ಚು ಹಾಕಿದರು.

ಜೇಜುರಿಯ ಭಂಡಾರದ ಅರಿಶಿನ ಹಣೆಯಲ್ಲಿರುವಾಗಲೇ ಜಟ್ಟೆಪ್ಪ ಪುಸ್ತಕ ತೆರೆದರು. ಯುದ್ಧಮಂತ್ರಿ ಭಾಷಣ ಮಾಡುತ್ತಾನೆ, ಹೆಸರಿಲ್ಲ. ಚಾನೆಲ್ಲಿನವರು ಜೈಕಾರ ಹಾಕುತ್ತಾರೆ, ಹೆಸರಿಲ್ಲ. "ಎದಿ ಝಲ್ ಅಂತ್ರಿ. ನೆಲ ಬಾಯಿ ಬಿಟ್ರ ಹೋಗಿ ಒಳಗ ಕುಂಡ್ರಬೇಕು ಅನಸ್ತು." ಕಾಂತಪ್ಪನವರಿಗೂ ಸಿಟ್ಟು ಬಂತು. ಮುಂದಿನ ಭಾಗ ಕಂಪ್ಯೂಟರಿನಲ್ಲೇ ಎಂದುಬಿಟ್ಟರು. ಫ್ಲೆಕ್ಸ್ ಕಸಿದುಕೊಂಡ ಅಕ್ಷರ ಎಷ್ಟೋ ವರ್ಷದ ಮೇಲೆ ಕೈಗೆ ಬಂದಿತ್ತು, ಅದೂ ಹೋಯಿತು. ಅವತ್ತು ಮನೆಯಲ್ಲಿ ಅವರು ಉಣ್ಣಲಿಲ್ಲ ಎನ್ನುತ್ತಾರೆ ಯಮನವ್ವ. "ಗ್ವಾಡಿ ಬರಿಯೂ ಕೆಲಸ ಹ್ವಾದಾಗ ಅಳದ ಮನಶಾ, ಅವತ್ತ ಅತ್ತಾರ ನೋಡ್ರಿ."

ಮರುದಿನದಿಂದ ಜಟ್ಟೆಪ್ಪ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಪ್ರತಿಯೊಂದು ಪುಸ್ತಕದಲ್ಲೂ ತಮಗೆ ತೋಚಿದ ಒಂದು ಹೆಸರನ್ನು ಕೈಯಾರೆ ತುಂಬಲು ಶುರು ಮಾಡಿದರು. ಆಗ ಎದುರಿಗೆ ಚಹಾ ಕುಡಿಯುತ್ತಿದ್ದ ಅಂಬಾರಾಯ ಎಂಬ ಸೆಂಟ್ರಿಂಗ್ ಕೆಲಸದವನು ಒಂದು ಪ್ರತಿ ಎಳೆದುಕೊಂಡು, "ಕೊಡ್ರಿ ಪೆನ್ನು, ಇಲ್ಲಿ ಯಾರ ಹೆಸರು ಬೇಕಂತ ನನಗ ಗೊತ್ತದ" ಎಂದು ತನ್ನ ಮುಕಾದಮನ, ಅಂದರೆ ಕೂಲಿ ಹಂಚುವ ಮೇಸ್ತ್ರಿಯ ಹೆಸರು ಬರೆದ. ಪಕ್ಕದವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಬ್ಬರು ತಮ್ಮ ಸೊಸೈಟಿಯ ಸೆಕ್ರೆಟರಿಯನ್ನು ಮಂತ್ರಿ ಮಾಡಿದರು. ಒಬ್ಬ ಶಾಲೆಯ ಹುಡುಗಿ ತನ್ನ ಅಣ್ಣನ ಹೆಸರು ಹಾಕಿದಳು, ಮನೆಯಲ್ಲಿ ಟೀವಿ ರಿಮೋಟು ಅವನ ಕೈಯಲ್ಲಿರುತ್ತದಂತೆ! ಜನ ಮಂತ್ರಿಯ ಹೆಸರು ತುಂಬಿದ ಪುಟದ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸತೊಡಗಿದರು. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು.

ಕಾಂತಪ್ಪ ರಾಗ ಬದಲಿಸಿದರು. ಎರಡನೇ ಭಾಗವೂ ಜಟ್ಟೆಪ್ಪನವರದೇ ಅಕ್ಷರ, ಆದರೆ ಹೆಸರಿನ ಜಾಗ ಖಾಲಿಯೇ ಇರಬೇಕು. ಯಾರು ತಾನೇ ಬೇಡ ಅಂತಾರೆ? ಜಟ್ಟೆಪ್ಪ ಬೇಡ ಅಂದರು.

ಕಾರಣವಿತ್ತು. ಅವರು ಬಾಡಿಗೆಗಿರುವ ಓಣಿಯ ತುದಿಯಲ್ಲಿ ಹಳೆ ಕಬ್ಬಿಣ, ರದ್ದಿ ಕೊಳ್ಳುವ ಒಬ್ಬ ಮುದುಕನ ಅಂಗಡಿ ಇದೆ. ಒಂದು ಬೆಳಿಗ್ಗೆ ನೋಡಿದರೆ, ಯಾರೋ ಪುಸ್ತಕದ ಪುಟವನ್ನು ಹರಿದು, ಯುದ್ಧಮಂತ್ರಿಯ ಜಾಗದಲ್ಲಿ ಆ ಮುದುಕನ ಹೆಸರು ಬರೆದು, ಅವನ ಬಾಗಿಲಿಗೇ ಅಂಟಿಸಿದ್ದರು. ಓಣಿಯವರು ಓದಿ ನಗುತ್ತಿದ್ದರೆ ಮುದುಕ ಹೊರಗೆ ಬರಲಾರದೆ ಒಳಗೇ ಕೂತಿದ್ದ. ಜಟ್ಟೆಪ್ಪ ಪುಟ ಕಿತ್ತು, ಬಾಗಿಲು ಒರೆಸಿ, ಅವನಿಗೆ ಚಹಾ ಕುಡಿಸಿ, ನೇರ ಹೋಟೆಲಿಗೆ ಬಂದರು.

"ಅಂಬಾರಾಯ ತನಗಿಂತ ದೊಡ್ಡವರ ಹೆಸರು ಬರದಾನ್ರಿ, ಅದು ಚೇಷ್ಟಿ. ಇದು ಬಡವನ ಹೆಸರು ಬರದದ್ದು, ಇದು ಬ್ಯಾರೆ," ಎಂದು ಕಾಂತಪ್ಪನವರಿಗೆ ಹೇಳಿದರಂತೆ. "ಗ್ವಾಡಿ ಖಾಲಿ ಬಿಟ್ರ ಯಾರ ಬೇಕಾದವರು ಬಂದು ಬರೀತಾರ. ಒಮ್ಮಿ ಬಿಟ್ಟದ್ದು ಎಡವಟ್ಟು ಆತು. ಗೊತ್ತಿದ್ದೂ ಬಿಟ್ರ ಅದು ನನ್ನ ತಪ್ಪು ಆಗ್ತದ. ಕಂಪ್ಯೂಟರಕ್ಕ ಕೊಡೂದಿದ್ರ ಕೊಡ್ರಿ, ನಾ ಖಾಲಿ ಬಿಡಂಗಿಲ್ಲ."

ನಾಲ್ಕು ದಿನ ಅಟ್ಟದ ಕೋಣೆಗೆ ಬೀಗ. ಜಟ್ಟೆಪ್ಪ ಸೈಟಿಗೆ ಹೋಗುವಾಗ ಹೋಟೆಲಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಐದನೇ ದಿನ ಕಾಂತಪ್ಪ ತಾವೇ ಆ ಓಣಿಗೆ ಹೋಗಿ, ರದ್ದಿ ಅಂಗಡಿಯ ಮುದುಕನ ಜೊತೆ ಕೂತು ಮಾತಾಡಿದರು. ಅಲ್ಲಿಂದ ಎರಡು ಮನೆ ಮುಂದೆ ನಡೆದು ಜಟ್ಟೆಪ್ಪನವರ ಬಾಗಿಲು ತಟ್ಟಿದರು. "ಆ ಅಜ್ಜನ ಮುಖ ನೋಡಿದ ಮೇಲೆ ಸೀದಾ ಇವರ ಮನೆಗೆ ಹೋದೆ. ಪುಸ್ತಕ ಎರಡು ಕಮ್ಮಿ ಹೋದರೆ ಹೋಗಲಿ, ಹೆಸರು ಹಾಕಿಯೇ ಬರೆಯಿರಿ ಅಂದೆ," ಎಂದು ಕಾಂತಪ್ಪ ನನಗೆ ಹೇಳುವಾಗ ಆ ದೊಡ್ಡ ಮನುಷ್ಯನ ದನಿ ಸಣ್ಣಗಾಗಿತ್ತು.

ಮಾಯಾ ಈಗ ಮಂತ್ರಿಗೊಂದು ಹೆಸರು ಕಟ್ಟಿದ್ದಾಳೆ: ಢಮಢಮರಾವ್. ಅಂಥ ಹೆಸರಿನ ನರಪಿಳ್ಳೆಯೂ ಈ ಭೂಮಿಯ ಮೇಲಿಲ್ಲ ಎಂದು ಮೂವರೂ ಕೂಡಿ ನಾಲ್ಕು ಕಡೆ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದಾರೆ. ಜಟ್ಟೆಪ್ಪ ಆ ಹೆಸರನ್ನು ಬರೆಯುವಾಗ ನಾಲಗೆಯ ತುದಿ ಹೊರಗೆ ಬರುತ್ತದೆ. ಈ ಸಲ ಮುಖಪುಟದಲ್ಲಿ ನಿಮ್ಮ ಹೆಸರೂ ಬರುತ್ತದಂತಲ್ಲ ಎಂದು ಕೇಳುತ್ತೇನೆ.

"ಬಂದ್ರ ಬರ್ಲಿ ಬಿಡ್ರಿ, ಯಮನವ್ವಗ ಖುಷಿ ಆಗ್ತದ," ಎನ್ನುತ್ತಾ ಇಂಕಿನ ಬಟ್ಟಲು ಮುಚ್ಚುತ್ತಾರೆ.

ಮತ್ತೆ ನಿಮಗೇನು ಆಸೆ?

ಜಟ್ಟೆಪ್ಪ ಕಿಟಕಿಯಾಚೆ ನೋಡುತ್ತಾರೆ. ಸೈಟಿಗೆ ಹೊತ್ತಾಗುತ್ತಿದೆ, ಆದರೂ ಏಳುವುದಿಲ್ಲ.

"ನಮ್ಮ ಮೊಮ್ಮಗಳು ಈಗ ಅಂಗನವಾಡಿಗಿ ಹೋಗ್ತಾಳ್ರಿ. ಇನ್ನಿಪ್ಪತ್ತು ವರ್ಷಕ್ಕ ಈ ಪುಸ್ತಕ ಆಕಿ ಕೈಗಿ ಸಿಗಬೇಕು. ಪೂರಾ ಓದಿ, 'ಇಂಥಾದ್ದು ಎಲ್ಲ್ಯರ ಆಗ್ತದೇನು, ನಮ್ಮ ಅಜ್ಜ ಎಷ್ಟ ಸುಳ್ಳ ಬರದಾನ' ಅಂತ ಆಕಿ ನನ್ನ ಬೈಬೇಕು. ಅಷ್ಟ ಆದ್ರ ಸಾಕು."