ಫ್ರಿಜ್ಜಿನ ಮೇಲಿನ ಮೌಸ್

ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಿಂಜವಾಡಿಯ ಒಂದು ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಅವಳಿಗೆ ಓದಿ ಹೇಳುತ್ತದೆ, ಅದೂ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಪಟಪಟ. ನಾಲ್ಕನೇ ಇಯತ್ತೆ ಕಲಿತ ನನಗೆ ಒಂದಕ್ಷರ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ, ಸಾಕು.

ಹೋದ ಮಳೆಗಾಲದಲ್ಲಿ ಕಂಪನಿಯವರು ಪ್ರೋಗ್ರಾಂ ಬರೆಯಲು ಹೊಸ ಸಾಫ್ಟ್‌ವೇರ್ ತಂದರು. ತಪ್ಪು ಬರೆದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಬರುತ್ತದಂತೆ. ಆ ಗೆರೆಯನ್ನು ಕಂಪ್ಯೂಟರಿನ ಧ್ವನಿ ಓದುತ್ತಿರಲಿಲ್ಲ. ಸೋಮವಾರದಿಂದ ಎಲ್ಲರೂ ಅದರಲ್ಲೇ ಬರೆಯಬೇಕು, ಆಗದಿದ್ದರೆ ಇವಳನ್ನು ಫೋನೆತ್ತುವ ಕೆಲಸಕ್ಕೆ ಹಾಕುತ್ತೇವೆ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಫೋನೆತ್ತಲಿಕ್ಕೇ ಇವಳು ಅಷ್ಟು ಓದಿದಳೇ?

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಅಡುಗೆ ಕಟ್ಟೆಯನ್ನೇ ಮತ್ತೆ ಒರೆಸಿದೆ. ಬಾಲ್ಕನಿಗೆ ಹೋಗಿ ಕಂಪನಿ ಗಾಡಿಗಳ ಸಾಲು ನೋಡಿ ಸುಮ್ಮನೆ ಒಳಗೆ ಬಂದೆ.

“ಅಜ್ಜಿ, ಒಂದ್ ಕಡೆ ಕೂಡು. ನಿನ್ನ ಚಪ್ಪಲಿ ಸಪ್ಪಳದಾಗ ನನಗೇನೂ ಕೇಳವಲ್ದು.”

“ಕೂತ್ರ ಕೆಲಸ ಆಗ್ತದೇನು?”

“ತಿರುಗಾಡಿದ್ರ ಆಗ್ಲಿಕತ್ತದೇನು?”

ಇವಳ ದೂರು ಕೇಳಿ ಶನಿವಾರ ಆ ಸಾಫ್ಟ್‌ವೇರ್ ಮಾಡಿದ ಎಂಜಿನಿಯರ್ ಮನೆಗೇ ಬಂದ. ಬೆಂಗಳೂರಿನವನು. ಉಪ್ಪಿಟ್ಟು ತಿನ್ನುತ್ತಾ ನನಗೇ ಧೈರ್ಯ ಹೇಳಿದ: “ಸರಿ ಮಾಡಿದೀನಿ ಅಜ್ಜಿ. ತಪ್ಪು ಎಲ್ಲಿದೆ ಅಂತ ಈಗ ವಾಯ್ಸ್ ಬರುತ್ತೆ. ನಾನೇ ಚೆಕ್ ಮಾಡಿದೀನಿ.”

ಮೊಮ್ಮಗಳು ಕೀಲಿಗಳನ್ನು ಒತ್ತಿದಳು. ಧ್ವನಿ ಸಾಲುಗಳನ್ನು ಓದಿಕೊಂಡು ಹೋಯಿತು. ತಪ್ಪಿನ ಮಾತೇ ಎತ್ತಲಿಲ್ಲ.

“ಬರವಲ್ದ್ರಿ.”

“ನನ್ ಹತ್ರ ಬಂತಲ್ಲ! ಮೌಸ್ ಕೊಡಿ, ತೋರಿಸ್ತೀನಿ.”

ಅವಳು ನಕ್ಕಳು. “ಅಜ್ಜಿ, ಅವರಿಗೆ ಮೌಸ್ ಕೊಡು.”

ಫ್ರಿಜ್ಜಿನ ಮೇಲಿಂದ ತಂದುಕೊಟ್ಟೆ. ಕಂಪ್ಯೂಟರಿನ ಜೊತೆ ಬಂದ ಪ್ಯಾಕೆಟ್ಟು, ಒಡೆದೇ ಇರಲಿಲ್ಲ. ಮೇಲೆ ಧೂಳು ಕೂತಿತ್ತು. ಅವನು ತಿರುಗಿಸಿ ತಿರುಗಿಸಿ ನೋಡಿದ.

“ಪರದೆ ಮ್ಯಾಲೆ ಬಾಣ ಎಲ್ಲಿ ಅದ ಅಂತ ಕಾಣದಾಕಿ ನಾ ಅದನ್ನ ತಗೊಂಡು ಏನ್ ಮಾಡ್ಲಿ?” ಎಂದಳು ಇವಳು. “ಬರೇ ಕೀಲಿ ಒತ್ತಿ ನೋಡೀರೇನು?”

ನೋಡಿರಲಿಲ್ಲ. ಮೌಸಿನ ಬಾಣವನ್ನು ಕೆಂಪು ಗೆರೆಯ ಮೇಲೆ ಒಯ್ದರೆ ಮಾತ್ರ ಧ್ವನಿ ಬರುವಂತೆ ಮಾಡಿ, ಕಣ್ಣಿಂದ ನೋಡಿಕೊಂಡೇ ಪಾಸು ಮಾಡಿದ್ದ.

“ಛೆ,” ಎಂದು ಚಮಚೆ ಕೆಳಗಿಟ್ಟ.

“ತಮ್ಮಾ, ಛೆ ಅಂದ್ರ ಸೋಮವಾರ ನಿಂದ್ರೂದಿಲ್ಲ. ಉಪ್ಪಿಟ್ಟು ತಿಂದು ಕೆಲಸಕ್ಕ ಹತ್ತು,” ಎಂದೆ.

ಮಧ್ಯಾಹ್ನವೆಲ್ಲ ತನ್ನ ಲ್ಯಾಪ್‌ಟಾಪ್ ಹಿಡಿದು ಕೂತ. ಆದರೆ ಕೈ ಸುಮ್ಮನಿರಬೇಕಲ್ಲ, ಮತ್ತೆ ಮತ್ತೆ ತನ್ನ ಮೌಸಿನ ಕಡೆಗೇ ಓಡುತ್ತಿತ್ತು. ಟಕ್ ಎಂದಾಗಲೆಲ್ಲ ಇವಳು, “ಮುಟ್ಟಿದ್ರಿ ನೋಡ್ರಿ,” ಎನ್ನುತ್ತಿದ್ದಳು. ಕೊನೆಗೆ ಬೇಸತ್ತು ಅದನ್ನು ನನ್ನ ಕೈಗೇ ಕೊಟ್ಟ.

“ಇದನ್ನೂ ಫ್ರಿಜ್ ಮೇಲಿಡಿ ಅಜ್ಜಿ.”

ದೀಪ ಹಚ್ಚುವ ಹೊತ್ತಿಗೆ ಧ್ವನಿ ಏನೋ ಅಂದಿತು. ಇವಳ ಬೆರಳು ನಿಂತವು.

“ಹಾಂ, ಈಗ ಹೇಳ್ತು.” ಕೂಡಲೇ ಬೇಕಂತಲೇ ಇನ್ನೊಂದು ತಪ್ಪು ಬರೆದಳು. ಅದನ್ನೂ ಹೇಳಿತು.

ಸೋಮವಾರ ಅದರಲ್ಲೇ ಬರೆದಳು. ಫೋನಿನ ಕೆಲಸದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆದರೆ ಕಂಪನಿಯವರು ಸುಮ್ಮನಿರುವ ಪೈಕಿ ಅಲ್ಲ, ಆ ಸಾಫ್ಟ್‌ವೇರನ್ನು ಬದಲಿಸುತ್ತಲೇ ಇರುತ್ತಾರೆ. ಹೊಸದು ಬರುತ್ತದೆ ಎಂದು ಇವಳು ಅಂದರೆ ಸಾಕು, ನಾನು ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತೇನೆ.