ಸೀಟಿನಡಿಯ ಶಿಳ್ಳೆ

ಆ ವ್ಯಾಪಾರದಲ್ಲಿ ಅಣ್ಣ ಗಾಡಿ ಓಡಿಸುತ್ತಿದ್ದ, ತಮ್ಮ ಬಾಯಿ ಓಡಿಸುತ್ತಿದ್ದ. ಬಕೆಟ್ಟು, ಮಗ್ಗು, ಬಟ್ಟೆ ಕ್ಲಿಪ್ಪು, ಮುಚ್ಚಳ ಸರಿಯಾಗಿ ಕೂರದ ಡಬ್ಬ, ಇಷ್ಟನ್ನೂ ಒಂದು ಹಳೆಯ ವ್ಯಾನಿನೊಳಗೆ ತುರುಕಿಕೊಂಡು ಇಬ್ಬರೂ ಬೀದಿ ಬೀದಿ ತಿರುಗುತ್ತಿದ್ದರು. ಬೀದಿಯ ಹೆಂಗಸರು ತಮ್ಮನಿಗೆ ಡಬ್ಬಣ್ಣ ಎಂದು ಹೆಸರಿಟ್ಟಿದ್ದರು. ಸೋರುವ ಬಕೆಟ್ಟನ್ನೂ ಅವನು "ಗಿಡಕ್ಕೆ ಹನಿ ಹನಿಯಾಗಿ ನೀರು ಬಿಡೋಕೆ ಇದಕ್ಕಿಂತ ಬೇಕಾ ಅಕ್ಕಾ?" ಎಂದು ಮಾರಬಲ್ಲವನಾಗಿದ್ದ. ಆದರೆ ಗಾಡಿಯ ಎಂಜಿನ್ನಿನ ಮುಂದೆ ಕೂತರೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಸ್ಪ್ಯಾನರ್ ಹಿಡಿಯುವುದೆಲ್ಲ ಅಣ್ಣನ ಕೆಲಸ.

ಕಳೆದ ಚಳಿಗಾಲದಲ್ಲಿ ಅಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ. ಅಂದಿನಿಂದ ಸ್ಟಿಯರಿಂಗು ಡಬ್ಬಣ್ಣನ ಪಾಲಿಗೆ ಬಂತು. ಅದರ ಜೊತೆಗೆ ಇನ್ನೊಂದೂ ಬಂತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಡ್ರೈವರ್ ಸೀಟಿನ ಅಡಿಯಿಂದ ಒಂದು ಶಿಳ್ಳೆ ಏಳುತ್ತಿತ್ತು. ತಗ್ಗಿನಲ್ಲಿ ಶುರುವಾಗಿ, ಮೇಲಕ್ಕೇರಿ, ಏನೋ ನೆನಪಾದವರಂತೆ ತಟ್ಟನೆ ನಿಲ್ಲುವ ಶಿಳ್ಳೆ. ಅಣ್ಣನೂ ಮನೆ ಬಿಡುವಾಗ ಹಾಗೆಯೇ ಶಿಳ್ಳೆ ಹಾಕುತ್ತಿದ್ದ. ಅವನು ಗಾಡಿಯಿಂದ ಕಲಿತನೋ, ಗಾಡಿ ಅವನಿಂದ ಕಲಿಯಿತೋ, ಅವನಿರುವಾಗ ಯಾರೂ ಕೇಳಿರಲಿಲ್ಲ. ಈಗ ಆ ಸದ್ದಿಗೆ ಅತ್ತಿಗೆ ಹಿಟ್ಟಿನ ಕೈಯಲ್ಲೋ ಸೋಪಿನ ಕೈಯಲ್ಲೋ ಬಾಗಿಲಿಗೆ ಬರುತ್ತಿದ್ದಳು. ಡ್ರೈವರ್ ಸೀಟಿನಲ್ಲಿ ಕೂತವನ ಮುಖ ನೋಡುತ್ತಿದ್ದಳು. ಒಳಗೆ ಹೋಗುತ್ತಿದ್ದಳು.

ಪಕ್ಕದ ಬೀದಿಯ ಮೆಕ್ಯಾನಿಕ್ಕು ಒಂದು ದಿನ ಸೀಟೆತ್ತಿ, ಎಂಜಿನ್ನಿನ ಮುಂದಿನ ಕವರು ಸರಿಸಿ ನೋಡಿ ಲೊಚಗುಟ್ಟಿದ.

"ಟೈಮಿಂಗ್ ಬೆಲ್ಟು ಪೂರ್ತಿ ಬಿರುಕು ಬಿಟ್ಟಿದೆ. ಅದನ್ನ ಬಿಗಿ ಹಿಡಿಯೋ ರೋಲರ್ ಇದೆಯಲ್ಲ, ಟೆನ್ಷನರ್, ಅದರ ಬೇರಿಂಗೂ ಒಣಗಿಹೋಗಿದೆ. ಶಿಳ್ಳೆ ಹೊಡೀತಿರೋದು ಅದೇ. ಅದು ಹಿಡ್ಕೊಂಡ್ರೆ ಬೆಲ್ಟು ಹರಿಯುತ್ತೆ. ಬೆಲ್ಟು ಹರಿದ್ರೆ ವಾಲ್ವೂ ಪಿಸ್ಟನ್ನೂ ಹೊಡೆದಾಡ್ಕೊಂಡು ಎಂಜಿನ್ನೇ ಮಣ್ಣುಪಾಲು."

"ಹಾಗಾದ್ರೆ ಎರಡೂ ಹಾಕಿಕೊಡು."

"ನಾನಂತೂ ಕೈ ಹಾಕಲ್ಲಪ್ಪ. ನಿಮ್ಮಣ್ಣ ಇದರಲ್ಲಿ ಏನೇನು ಮಾಡಿಟ್ಟಿದಾನೋ ಅವನಿಗೇ ಗೊತ್ತು. ಅವನನ್ನೇ ಕೇಳು" ಎಂದ ಮೆಕ್ಯಾನಿಕ್ಕು, ಎಂದಮೇಲೆ ನಾಲಿಗೆ ಕಚ್ಚಿಕೊಂಡ.

ಹೀಗಾಗಿ ವ್ಯಾಪಾರಕ್ಕೆ ರಜೆಯಿದ್ದ ದಿನ ಡಬ್ಬಣ್ಣ ಹೊಸ ಬೆಲ್ಟು, ಹೊಸ ಟೆನ್ಷನರ್ ತಂದಿಟ್ಟುಕೊಂಡು ಮನೆಯ ಅಂಗಳದಲ್ಲೇ ಸೀಟೆತ್ತಿಟ್ಟು ಕೂತ. ಟಾರ್ಚು ಹಿಡಿಯಲು ಅತ್ತಿಗೆ ಬಂದಳು. ಗಂಡ ಬೆಲ್ಟು ಬದಲಿಸಿದಾಗೆಲ್ಲ ಟಾರ್ಚು ಹಿಡಿದವಳು ಅವಳೇ. ಬ್ಯಾಟರಿ ವೈರು ಕಳಚಿದ್ದಾಯಿತು, ರೇಡಿಯೇಟರು ಬಿಚ್ಚಿದ್ದಾಯಿತು, ಕವರಿನ ಬೋಲ್ಟುಗಳನ್ನು ಒಂದು ಮಗ್ಗಿನೊಳಗೆ ಹಾಕಿದ್ದಾಯಿತು. ಎಂಜಿನ್ನಿನ ಮೇಲೊಂದು ಹಲ್ಲಿನ ಚಕ್ರ, ಕೆಳಗೊಂದು ಹಲ್ಲಿನ ಚಕ್ರ, ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕಿದ ಬೆಲ್ಟು. ಎರಡು ಚಕ್ರಗಳಲ್ಲೂ ಕಂಪನಿ ಕೊರೆದ ಗುರುತುಗಳಿದ್ದವು. ಕೆಳಗಿನ ಗುರುತನ್ನು ನೆಟ್ಟಗೆ ತಂದರೆ ಮೇಲಿನದು ಕೊಂಚ ಓರೆಯಾಗಿ ನಿಂತಿತ್ತು.

"ಅಣ್ಣ ಸೊಟ್ಟಗೆ ಹಾಕಿದಾನೆ ನೋಡಿ ಅತ್ತಿಗೆ" ಎಂದ ಡಬ್ಬಣ್ಣ. ಅಣ್ಣನ ಕೆಲಸದಲ್ಲಿ ತಪ್ಪು ಹಿಡಿಯುವ ಭಾಗ್ಯ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿತ್ತು. ದನಿಯಲ್ಲಿ ಸಂತೋಷ ಇಣುಕಿತು. ಅತ್ತಿಗೆಯ ಗಮನ ಅಡುಗೆಮನೆಯ ಬಾಗಿಲ ಕಡೆಗಿತ್ತು. ಅವನು ಹಳೆಯ ಬೆಲ್ಟು ಕಿತ್ತು, ಮೇಲಿನ ಚಕ್ರವನ್ನು ತಿರುಗಿಸಿ ಗುರುತಿಗೆ ಗುರುತು ಕೂಡಿಸಿದ.

"ಹೊಸ ಟೆನ್ಷನರ್ ಎಲ್ಲಿ? ಬೆಲ್ಟಿನ ಡಬ್ಬದ ಪಕ್ಕದಲ್ಲೇ ಇಟ್ಟಿದ್ದೆ."

"ನನಗೇನು ಗೊತ್ತು?"

ಅವನು ಸೀಟಿನ ಕೆಳಗೆ ಹುಡುಕಿದ, ಮಗ್ಗಿನಲ್ಲಿ ಹುಡುಕಿದ, ತನ್ನ ಜೇಬಿನಲ್ಲೂ ಹುಡುಕಿದ. ಗಿರಾಕಿ ಸುಳ್ಳು ಹೇಳುವಾಗ ಕಣ್ಣು ಎಲ್ಲಿ ನೆಟ್ಟಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅತ್ತಿಗೆ ಟಾರ್ಚಿನ ಬೆಳಕನ್ನೇ ನೋಡುತ್ತಿದ್ದಳು.

"ಹಳೇದೇ ಹಾಕು" ಎಂದಳು. "ಇನ್ನೊಂದು ಬೆಲ್ಟು ಸವೆಯೋವರೆಗೂ ಅದು ಬಾಳಿಕೆ ಬರುತ್ತೆ ಅಂತಿದ್ರು."

"ಯಾರು?"

"ನಿಮ್ಮಣ್ಣ."

ಅಣ್ಣ ಹಾಗೆಂದಿದ್ದನೋ, ಈಗ ತಾನೇ ಅವನ ಬಾಯಲ್ಲಿ ಹೇಳಿಸಿದಳೋ, ಡಬ್ಬಣ್ಣನಿಗೆ ತಿಳಿಯಲಿಲ್ಲ. ಹಳೆಯ ರೋಲರನ್ನು ಅವಳ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ. ಒಳಗೆ ಮರಳು ಅಗಿದಂತೆ ಕರಕರ ಎಂದಿತು.

"ಕೇಳಿಸ್ತಾ? ಇದು ಯಾವತ್ತಾದ್ರೂ ನಿಲ್ಲುತ್ತೆ. ನಿಂತ ದಿನ ಗಾಡಿನೂ ಇಲ್ಲ, ವ್ಯಾಪಾರನೂ ಇಲ್ಲ, ನಿಮ್ಮ ಶಿಳ್ಳೆನೂ ಇಲ್ಲ. ಲಾಭ ಯಾವುದು, ನೀವೇ ಹೇಳಿ."

"ನನಗೂ ಡಬ್ಬ ಮಾರ್ತಿದ್ದೀಯಾ?" ಎಂದಳು ಅತ್ತಿಗೆ. "ನಿಜ ಹೇಳು. ನಿನಗೆ ಎಂಜಿನ್ ಉಳೀಬೇಕೋ, ಸದ್ದು ನಿಲ್ಲಬೇಕೋ?"

ಬೆಲೆ ಕಟ್ಟಲು ಬಂದವನಿಗೇ ಅವಳು ಬೆಲೆ ಕಟ್ಟಿಬಿಟ್ಟಿದ್ದಳು. ಡಬ್ಬಣ್ಣ ಕೈಗಂಟಿದ ಗ್ರೀಸನ್ನು ಚಿಂದಿಗೆ ಒರೆಸಿದ. ಹೋಗದ ಕಪ್ಪನ್ನು ಮತ್ತೆ ಒರೆಸಿದ.

"ಅವನ ಮೇಲೇ ಕೂತು ಗಾಡಿ ಓಡಿಸಿದ ಹಾಗಾಗುತ್ತೆ ಅತ್ತಿಗೆ. ಬ್ರೇಕು ಸ್ವಲ್ಪ ತಡವಾಗಿ ಹಾಕಿದ್ರೆ ಅಡಿಯಿಂದ ಬೈತಾನೆ. ಯಾರಿಗಾದ್ರೂ ಕಡಿಮೆ ಬೆಲೆಗೆ ಕೊಟ್ರೆ ಬೈತಾನೆ. ಮೊನ್ನೆ ಸೇತುವೆ ಮೇಲೆ ನಿಲ್ಲಿಸಿ, 'ಆಯ್ತು ಬಿಡೋ, ಇಳಿ ಕೆಳಗೆ' ಅಂತ ಜೋರಾಗೇ ಅಂದುಬಿಟ್ಟೆ. ಹಿಂದಿನ ಲಾರಿಯವನು ತನಗೇ ಅಂದೆ ಅಂತ ಜಗಳಕ್ಕೆ ಬಂದ."

ಅತ್ತಿಗೆಗೆ ನಗು ಬಂದು ಅರ್ಧದಲ್ಲೇ ನಿಂತಿತು.

"ನಿನ್ನ ಹತ್ತಿರ ಬೈಯೋವಷ್ಟು ಮಾತಾಡ್ತಾರಾ?"

"ಮಾತಾಡ್ತಾನೆ."

"ನನ್ನ ಹತ್ತಿರ ಒಂದು ಮಾತೂ ಇಲ್ಲ." ಅವಳು ಟಾರ್ಚು ಆರಿಸಿದಳು. "ಓಡಿ ಬರ್ತೀನಿ. ಅಷ್ಟರಲ್ಲಿ ಶಿಳ್ಳೆ ಹಾಕಿ ಹೊರಟಿರ್ತಾರೆ. ದಿನಾ ಹೊರಡೋದೇ. ಒಂದು ದಿನಾನಾದ್ರೂ ಸಂಜೆ ಆ ಸದ್ದು ಬಂದಿದ್ಯಾ? ಬರೋದು ಅಂತ ಇಲ್ಲ ಅವರಿಗೆ."

ಸಂಜೆ ಬಿಸಿಯಾದ ಬೇರಿಂಗು ಶಿಳ್ಳೆ ಹಾಕುವುದಿಲ್ಲ. ಡಬ್ಬಣ್ಣ ಹಳೆಯ ರೋಲರನ್ನು ಚಿಂದಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಅತ್ತಿಗೆ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಬರುವಾಗ ಹೊಸ ಟೆನ್ಷನರಿನ ಪೆಟ್ಟಿಗೆ ಅವಳ ಕೈಯಲ್ಲಿತ್ತು, ಮೈತುಂಬ ಹಿಟ್ಟು ಮೆತ್ತಿಕೊಂಡು.

"ತಗೋ. ನಾನು ಮನಸ್ಸು ಬದಲಾಯಿಸೋದರೊಳಗೆ ಹಾಕಿಬಿಡು."

ಅವನು ಹಾಕಿದ. ಬೆಲ್ಟು ಏರಿಸಿದ, ಬಿಗಿ ಮಾಡಿದ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕೆಂಬುದು ಅವನಿಗೂ ಗೊತ್ತಿತ್ತು. ಸ್ಪ್ಯಾನರ್ ಕೊಟ್ಟು ತಿರುಗಿಸಿದ. ಒಂದು ಸುತ್ತು ತುಂಬುವ ಮೊದಲೇ ಒಳಗೆ ಏನೋ ಟಕ್ಕೆಂದು ಸಿಕ್ಕಿಕೊಂಡಿತು. ಡಬ್ಬಣ್ಣ ಕಾಲೂರಿ, ಮೈಭಾರ ಹಾಕಿ ಒತ್ತಲು ಹೊರಟ.

"ಲೋ ತಪ್ಪಲೆ! ಒತ್ತಬೇಡ್ವೋ, ಅದೇನು ಬಾಗಿಲಾ? ಬೇಡ ಅಂತಿದೆ, ಕೇಳು."

ಡಬ್ಬಣ್ಣನ ಕೈಯಿಂದ ಸ್ಪ್ಯಾನರ್ ಜಾರಿತು. ತಪ್ಪಲೆ ಎಂದು ಅವನನ್ನು ಕರೆಯುತ್ತಿದ್ದವನು ಲೋಕದಲ್ಲಿ ಅಣ್ಣನೊಬ್ಬನೇ. ಹಾಗೆ ಎಳೆದು, ಕೊನೆಯಲ್ಲಿ ತುಂಡರಿಸಿ ಹೇಳುತ್ತಿದ್ದವನೂ ಅವನೊಬ್ಬನೇ. ಮಾತು ಬಂದದ್ದು ಅತ್ತಿಗೆಯ ಬಾಯಿಂದ. ಅವಳಿಗೂ ಅದು ಈಗಷ್ಟೇ ಕೇಳಿಸಿದಂತಿತ್ತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂಗಳದ ತಂತಿಯ ಮೇಲೆ ಒದ್ದೆ ಬಟ್ಟೆ ಪಟಪಟ ಎನ್ನುತ್ತಿತ್ತು.

ಅತ್ತಿಗೆ ಕೈ ಇಳಿಸಿ, ತನ್ನದೇ ದನಿಯಲ್ಲಿ, ಮೆಲ್ಲಗೆ ಹೇಳಿದಳು. "ಕೆತ್ತಿರೋ ಗುರುತು ಬಿಡು. ಮೇಲಿನ ಚಕ್ರ ಇದರದ್ದಲ್ಲ, ಗುಜರಿಯಿಂದ ತಂದು ಕೂರಿಸಿದ್ದು. ಅದರ ಗುರುತು ಸುಳ್ಳು ಹೇಳುತ್ತೆ. ಅವರು ನನ್ನ ಉಗುರುಬಣ್ಣ ಹಚ್ಚಿದ್ದಾರೆ, ಅದನ್ನ ನೋಡು."

ಡಬ್ಬಣ್ಣ ಚಿಂದಿಯಿಂದ ಚಕ್ರ ಒರೆಸಿದ. ಮಸಿಯ ಅಡಿಯಲ್ಲಿ ಕೆಂಪು ಚುಕ್ಕೆ ಇತ್ತು. ಕೆಳಗಿನ ಚಕ್ರದಲ್ಲೂ ಇತ್ತು. ಹಳೆಯ ಬೆಲ್ಟಿದ್ದಾಗ ಅವೆರಡೂ ಸರಿಯಾಗಿಯೇ ಕೂಡಿದ್ದವು, ಕೆಡಿಸಿದವನು ತಾನೇ. ಸಿಕ್ಕಿದ ಎಂಜಿನ್ನನ್ನು ಹಿಂದಕ್ಕೆ ನಯವಾಗಿ ಬಿಡಿಸಿ, ಬೆಲ್ಟು ಇಳಿಸಿ, ಚುಕ್ಕೆಗೆ ಚುಕ್ಕೆ ಕೂಡಿಸಿ ಮತ್ತೆ ಹಾಕಿದ. ಈ ಸಲ ಎರಡು ಸುತ್ತೂ ಬೆಣ್ಣೆಯಂತೆ ತಿರುಗಿದವು. ಚುಕ್ಕೆಗಳು ಮತ್ತೆ ಬಂದು ಎದುರುಬದುರು ನಿಂತವು.

ಉಳಿದದ್ದನ್ನು ಜೋಡಿಸುವಷ್ಟರಲ್ಲಿ ಬಿಸಿಲು ಗೋಡೆ ಏರಿತ್ತು. ಸ್ಟಾರ್ಟ್ ಮಾಡಿದ. ಎಂಜಿನ್ನು ಚಾಲೂ ಆಯಿತು, ಸಮನಾಗಿ ಗುನುಗಿತು. ಅಷ್ಟೇ. ಅತ್ತಿಗೆ ತಲೆ ಒಂದು ಕಡೆ ವಾಲಿಸಿ, ಇನ್ನೇನೋ ಬರುವುದಿದೆ ಎಂಬಂತೆ ನಿಂತೇ ಇದ್ದಳು. ಅವನು ಕೀ ತಿರುಗಿಸಿ ಆರಿಸಿದ ಮೇಲೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಡಬ್ಬಣ್ಣ ಗಾಡಿಯನ್ನು ಗೇಟಿನವರೆಗೆ ತಂದು ನಿಲ್ಲಿಸಿದ. ಬಾಗಿಲಿಗೆ ಯಾರೂ ಬರಲಿಲ್ಲ. ಊಟದ ಕ್ಯಾರಿಯರ್ ಒಳಗೇ ಉಳಿದಿತ್ತು. ಇಷ್ಟು ದಿನ ಅವಳನ್ನು ಕರೆಯುವ ಕೆಲಸ ತನಗಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಮನುಷ್ಯ, ಸ್ವಂತ ಮನೆಯ ಮುಂದೆ ಸಂಕೋಚದಿಂದ, ಅರ್ಧ ದನಿಯಲ್ಲಿ ಕರೆದ.

"ಏನು... ಕೇಳಿಸ್ತಾ? ಹೊರಟೆ."

ಒಳಗೆ ಏನೋ ನೆಲಕ್ಕೆ ಬಿದ್ದು ಉರುಳಿತು. ಅತ್ತಿಗೆ ಓಡಿ ಬಂದಳು. ಕೂದಲು ಬಿಚ್ಚಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಹೊಸ್ತಿಲ ಮೇಲೆ ನಿಂತು ಸೀಟಿನಲ್ಲಿದ್ದವನನ್ನು ನೋಡಿದಳು. ಅವನನ್ನು ಗುರುತಿಸಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಒಳಗೆ ಹೋಗಿ ಕ್ಯಾರಿಯರ್ ತಂದು ಕಿಟಕಿಯೊಳಗಿಂದ ಕೊಟ್ಟಳು.

"ನಾಳೆಯಿಂದ ಜೋರಾಗಿ ಕೂಗು" ಎಂದಳು. "ಬಕೆಟ್ಟು ಮಾರೋ ಹಾಗೆ ಕೂಗು. ಮೆಲ್ಲಗೆ ಕರೆದ್ರೆ ನಿನ್ನ ದನಿ ಅವರದ್ದೇ."