ಗಾಬ್ರಿ ಹೇಳಿದ ಮಾತು

ಅದು 1989. ಬಂಗಾರಪೇಟೆ ಪಕ್ಕದ ನಮ್ಮೂರಿನಿಂದ ದಿನಾ ಮಾರಿಕುಪ್ಪಂ ರೈಲು ಹಿಡಿದು ಹೋಗಿ, ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಹಿಂದಿ ಪಾಠ ಮಾಡುತ್ತಿದ್ದೆ. ಪಾಠ ಅಂತ ಹೆಸರಿಗೆ, ನಿಜವಾಗಿ ಅರವತ್ತು ಮಕ್ಕಳ ಎದುರು ನಿಂತು ಬೆವರುತ್ತಿದ್ದೆ. ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಕಿಸಕ್ಕನೆ ನಗು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ನನ್ನ ಹಿಂದಿ ಯಾಕೆ ಬೇಕಿತ್ತು? ಶನಿವಾರ ಮನೆ ಸೇರುವಷ್ಟರಲ್ಲಿ ಯಾರ ಮುಖವೂ ಬೇಡ ಅನ್ನಿಸಿಬಿಡುತ್ತಿತ್ತು.

ಭಾನುವಾರವೂ ಬಿಡುವಿರಲಿಲ್ಲ. ಊರಿಗೆಲ್ಲ ಒಂದೇ ಟಿವಿ, ಅದು ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಬೆಳಿಗ್ಗೆ ಹಿಂದಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಓಡಾಡುವ ಹಡಗು, ಅದರಲ್ಲಿ ನೂರಾರು ವರ್ಷ ಮುಂದಿನ ಕಾಲದ ಜನ. ಹಿಂದಿ ಬರುವವಳು ನಾನೊಬ್ಬಳೇ. ಹಾಗಾಗಿ ಟಿವಿ ಪಕ್ಕದಲ್ಲಿ ಕೂತು ಎಲ್ಲರಿಗೂ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆ ಹಡಗಿನಲ್ಲಿ ಒಬ್ಬ ಇಂಜಿನಿಯರ್ ಇದ್ದ. ಎಂಥ ಯಂತ್ರ ಕೆಟ್ಟರೂ ಸರಿಮಾಡುತ್ತಿದ್ದ, ಆದರೆ ನಾಲ್ಕು ಜನ ಎದುರಿಗೆ ಬಂದರೆ ಅವನ ನಾಲಿಗೆ ಒಣಗುತ್ತಿತ್ತು. ಊಟಕ್ಕೂ ಎಲ್ಲರೂ ಎದ್ದುಹೋದ ಮೇಲೆಯೇ ಬರುತ್ತಿದ್ದ. ಅವನನ್ನು ಕಂಡಾಗಲೆಲ್ಲ ಕ್ಯಾಪ್ಟನ್ "ಘಬರಾವೋ ಮತ್" ಅನ್ನುತ್ತಿದ್ದ, ಹೆದರಬೇಡ ಅಂತ. ನಮ್ಮವರು ಅದೇ ಅವನ ಹೆಸರೆಂದು ತಿಳಿದು "ಗಾಬ್ರಿ" ಅಂತ ಕರೆಯತೊಡಗಿದರು. ನಾನೂ ತಿದ್ದಲು ಹೋಗಲಿಲ್ಲ. ಅವನು ತೊದಲಿದರೆ ನಡುಮನೆ ತುಂಬ ನಗು, ಆಮೇಲೆ ಒಬ್ಬೊಬ್ಬರದು ಒಂದೊಂದು ಮದ್ದು.

"ಒಂದು ಮದ್ವೆ ಮಾಡಿದ್ರೆ ಎಲ್ಲಾ ಸರಿ ಓಗ್ತದೆ," ಎನ್ನುತ್ತಿದ್ದರು ಚಿಕ್ಕಮ್ಮ.

"ಯಾರೋ ಕಣ್ಣಾಕವ್ರೆ. ಒಂದು ತಾಯತ ಕಟ್ಟಿಸ್ಕೊಳ್ಳೋಕೆ ಯೋಳಮ್ಮಿ," ಎಂದು ಅಜ್ಜಿ ನನಗೇ ಹೇಳುತ್ತಿದ್ದರು, ನಾನು ಆ ಹಡಗಿಗೆ ಹೋಗಿಬರುವವಳ ಹಾಗೆ.

"ಎರಡು ಬಿಟ್ರೆ ತಾನೇ ಮಾತು ಬತ್ತದೆ," ಇದು ಚಿಕ್ಕಪ್ಪ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಹೊತ್ತು ಹಿತವಾಗಿರುತ್ತಿತ್ತು. ವಾರವೆಲ್ಲ ಶಾಲೆಯ ಮಕ್ಕಳು ನನ್ನನ್ನು ನೋಡಿ ನಗುತ್ತಿದ್ದರು, ಭಾನುವಾರ ಒಂದು ದಿನ ಮನೆಯವರು ನನ್ನ ಮಾತಿಗೆ ನಗುತ್ತಿದ್ದರು. ಅದಕ್ಕೇ ಗಾಬ್ರಿಯ ಮಾತಿಗೆ ಒಂದಿಷ್ಟು ಉಪ್ಪುಖಾರ ಹಚ್ಚಿಯೇ ಹೇಳುತ್ತಿದ್ದೆ.

ನಗದೆ ಇದ್ದವನು ಒಬ್ಬನೇ, ಚಿಕ್ಕಪ್ಪನ ಮಗ ಮುನಿರಾಜು. ಬಾಗಿಲ ಬಳಿ ಕೂರುತ್ತಿದ್ದ. ಇಪ್ಪತ್ತಮೂರು ವರ್ಷ, ಐಟಿಐ ಮುಗಿಸಿದ್ದ. ಊರಿನ ಪಂಪ್‌ಸೆಟ್‌ಗಳಿಗೆಲ್ಲ ಅವನೇ ಡಾಕ್ಟರು. ಆದರೆ ನೆಂಟರು ಬಂದರೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದ, ಡೈರಿಗೆ ಹಾಲು ಹಾಕಲೂ ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ಆ ವಾರ ಅವನಿಗೆ ಬೆಂಗಳೂರಿನ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕಾಗದ ಬಂದಿತ್ತು, ಸೋಮವಾರಕ್ಕೆ. ಹಿಂದೊಮ್ಮೆ ಹೀಗೇ ಕರೆದಾಗ ಗೇಟಿನವರೆಗೂ ಹೋಗಿ ವಾಪಸು ಬಂದಿದ್ದ. ಇದಾದರೂ ಕೈತಪ್ಪದಿರಲೆಂದು ಚಿಕ್ಕಮ್ಮ ಹರಕೆ ಹೊತ್ತಿದ್ದರು.

ಆ ಭಾನುವಾರ ಕ್ಯಾಪ್ಟನ್ ಗಾಬ್ರಿಯನ್ನು ಎಲ್ಲರೆದುರು ನಿಲ್ಲಿಸಿ ಮಾತಾಡು ಅಂದ. ಅವನು ತೊದಲಿದ, ಬೆವರಿದ. ನಮ್ಮವರು ಆಗಲೇ ನಗಲು ಶುರುಮಾಡಿದ್ದರು. ಕೊನೆಗೆ ಅವನು ತಲೆಯೆತ್ತಿ, ಮೆಲ್ಲಗೆ ಒಂದು ಮಾತು ಹೇಳಿದ. ಮುನಿರಾಜು ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದ.

"ಅಕ್ಕ, ಏನಂದ?"

ಅಷ್ಟು ಜನರ ಮುಂದೆ ಅವನು ಬಾಯಿಬಿಟ್ಟಿದ್ದು ನಾನು ಕಂಡಂತೆ ಅದೇ ಮೊದಲು. ಆದರೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಒಂದಕ್ಕೆ ಓಗ್ಬೇಕು, ಬಿಡಿ ಸಾರ್ ಅಂತಾವ್ನೆ," ಅಂದೆ.

ನಡುಮನೆ ನಕ್ಕು ನಕ್ಕು ಸುಸ್ತಾಯಿತು. ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತ, "ನಾಳೆ ನಮ್ಮೋನೂ ಇಂಗೇ ಕೇಳ್ತಾನೆ ನೋಡ್ರಲಾ!" ಅಂದರು. ಮುನಿರಾಜು ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ನಾನು ಬಂಗಾರಪೇಟೆ ಸ್ಟೇಷನ್ ಮುಟ್ಟಿದಾಗ ಬೆಂಗಳೂರಿನ ರೈಲು ಹೋಗಿಯಾಗಿತ್ತು. ಮುನಿರಾಜು ಇಸ್ತ್ರಿ ಶರಟು ಹಾಕಿಕೊಂಡು, ಸರ್ಟಿಫಿಕೇಟಿನ ಫೈಲು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

"ಯಾಕೋ ಓಗ್ಲಿಲ್ಲ?" ಅಂದೆ.

"ಒಳಗ್ ಕರೆದ್ರೆ ನಂಗೂ ಒಂದಕ್ಕೇ ಬತ್ತದೆ, ಅಕ್ಕ."

ಅವನು ನಗುತ್ತಿರಲಿಲ್ಲ. ಅವನ ಪಕ್ಕದಲ್ಲಿ ಕೂತು ಇದ್ದದ್ದನ್ನು ಹೇಳಿದೆ. "ಗಾಬ್ರಿ ಅಂಗನ್ಲಿಲ್ಲ ಕಣೋ, ನಾನೇ ತಮಾಷೆಗೆ ಯೋಳ್ದೆ. 'ನಂಗೆ ಭಯ ಓಗಿಲ್ಲ ಸಾರ್, ಭಯ ಇಟ್ಕೊಂಡೇ ದಿನಾ ಕೆಲಸಕ್ಕೆ ಬತ್ತೀನಿ' ಅಂದ ಅವನು."

"ಅಷ್ಟೇನಾ?"

"ಅಷ್ಟೇ."

ಮುನಿರಾಜು ಫೈಲಿನ ದಾರ ಬಿಗಿದು ಕಟ್ಟಿದ. ಆಮೇಲೆ, "ನೆನ್ನೇನೇ ಯೋಳಿದ್ರೆ ಓಗ್ತಿದ್ನೇನೋ, ಅಕ್ಕ," ಅಂದ. ನನ್ನ ರೈಲು ಬಂತು, ಹತ್ತಿದೆ.

ಅವನಿಗೆ ಮತ್ತೆ ಅಂಥ ಕಾಗದ ಬರಲಿಲ್ಲ. ಮನೆಯಲ್ಲೇ ಮೋಟರು ರಿಪೇರಿ ಮಾಡಿಕೊಂಡು, ಹಸು ಕಟ್ಟಿಕೊಂಡು ಇದ್ದಾನೆ. ನನ್ನನ್ನು ಒಂದು ದಿನವೂ ದೂರಲಿಲ್ಲ. ಬೈದಿದ್ದರೆ ನನಗೆ ಇಷ್ಟು ಭಾರ ಅನ್ನಿಸುತ್ತಿರಲಿಲ್ಲ.

ನಾನು ಈಗ ನಿವೃತ್ತಳು. ಇನ್ನೊಂದು ವಿಷಯ ಇವತ್ತಿನವರೆಗೂ ಅವನಿಗೆ ಹೇಳಲು ಬಾಯಿ ಬಂದಿಲ್ಲ. ಅವತ್ತು ರೈಲಿಳಿದು ತರಗತಿಯ ಬಾಗಿಲಲ್ಲಿ ನಿಂತಾಗ ಗಾಬ್ರಿಯ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಒಳಗೆ ಹೋಗಿದ್ದೆ. ಆಮೇಲೂ ಇಪ್ಪತ್ತೆಂಟು ವರ್ಷ ಹಾಗೇ ಹೋದೆ. ಅವನು ಕೇಳಿ ಪಡೆಯಲು ಬಂದಿದ್ದ ಮಾತನ್ನು ನಾನು ಇಟ್ಟುಕೊಂಡು ಬದುಕಿದೆ.